ರಶ್ ಬ್ಯಾಂಡಿನ ಮೊದಲ ಆರು ವರ್ಷ: ಜಾನ್ ರಟ್ಸಿಯನ್ನು ಯಾಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ?

ಕೊಪ್ಪದ ಹುಡುಗ
ಕೆನಡಾದ ರಾಕ್ ಬ್ಯಾಂಡ್ ರಶ್ ಬಗ್ಗೆ ಎಲ್ಲಿ ಓದಿದರೂ ಕಥೆ ಶುರುವಾಗುವುದು 1974ರ ಜುಲೈ 29ಕ್ಕೆ, ನೀಲ್ ಪಿಯರ್ಟ್ ಡ್ರಮ್ಸ್‌ಗೆ ಬಂದ ದಿನ. ಅದಕ್ಕೂ ಮೊದಲಿನ ಆರು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ.

ಬ್ಯಾಂಡ್ ಹುಟ್ಟಿದ್ದು 1968ರಲ್ಲಿ, ಟೊರಾಂಟೊದ ವಿಲ್ಲೋಡೇಲ್ ಬಡಾವಣೆಯಲ್ಲಿ. ಕಟ್ಟಿದವರು ಗಿಟಾರ್ ವಾದಕ ಅಲೆಕ್ಸ್ ಲೈಫ್‌ಸನ್ ಮತ್ತು ಡ್ರಮ್ಮರ್ ಜಾನ್ ರಟ್ಸಿ. ‘ರಶ್’ ಅನ್ನುವ ಹೆಸರು ಹೊಳೆದದ್ದೂ ರಟ್ಸಿಯ ಅಣ್ಣನಿಗೆ. ಮೊದಲ ಆಲ್ಬಮ್ ಪೂರ್ತಿ ಬಾರಿಸಿದ್ದು ರಟ್ಸಿ. ಅಮೆರಿಕದ ಬಾಗಿಲು ತೆರೆದದ್ದು ಅದೇ ಆಲ್ಬಮ್. ಆದರೆ 2013ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಕರೆದದ್ದು ಮೂರೇ ಹೆಸರು: ಬೇಸ್ ನುಡಿಸಿ ಹಾಡುವ ಗೆಡ್ಡಿ ಲೀ, ಲೈಫ್‌ಸನ್, ಪಿಯರ್ಟ್. ರಟ್ಸಿ ಇಲ್ಲ.

ನನ್ನ ಪ್ರಕಾರ ಆ ಆರು ವರ್ಷ ಇಲ್ಲದಿದ್ದರೆ ಪಿಯರ್ಟ್ ಬಂದು ಸೇರುವುದಕ್ಕೆ ಬ್ಯಾಂಡೇ ಇರುತ್ತಿರಲಿಲ್ಲ. ನೀವೇನಂತೀರಿ?

ಡಬಲ್ ಬೇಸ್
ಗೌರವ ಇರಲಿ, ಒಪ್ಪುತ್ತೇನೆ. ಆದರೆ ನಿಜ ಹೇಳಬೇಕಲ್ವಾ? ಪಿಯರ್ಟ್ ಬರದಿದ್ದರೆ ರಶ್ ಇನ್ನೊಂದು ಬಾರ್ ಬ್ಯಾಂಡ್ ಆಗಿ ಉಳಿಯುತ್ತಿತ್ತು. ಮೊದಲ ಆಲ್ಬಮ್ ಕೇಳಿ. ಲೆಡ್ ಜೆಪ್ಪೆಲಿನ್ ಬ್ಯಾಂಡಿನ ನೆರಳು ಎದ್ದು ಕಾಣುತ್ತದೆ. ಸಾಹಿತ್ಯವಂತೂ ತೀರಾ ಸಾಧಾರಣ. ಸಾಹಿತ್ಯ, ಲಯ, ಕಲ್ಪನೆ ಎಲ್ಲಾ ಪಿಯರ್ಟ್ ತಂದದ್ದು.

ವಿನೈಲ್ ಪೆಟ್ಟಿಗೆ
‘ಇನ್ನೊಂದು ಬಾರ್ ಬ್ಯಾಂಡ್’ ಅಂತ ಸುಲಭವಾಗಿ ಹೇಳಿಬಿಟ್ಟಿರಿ. ಆ ಬಾರ್‌ಗಳೇ ಈ ಕಥೆಯ ಮುಖ್ಯ ಭಾಗ.

1968ರ ಸೆಪ್ಟೆಂಬರ್‌ನಲ್ಲಿ ಅವರ ಮೊದಲ ಕಾರ್ಯಕ್ರಮ ನಡೆದದ್ದು ವಿಲ್ಲೋಡೇಲ್‌ನ ಒಂದು ಚರ್ಚ್‌ನ ನೆಲಮಾಳಿಗೆಯಲ್ಲಿ. ಹದಿಹರೆಯದವರಿಗೆ ಅಂತ ಮಾಡಿದ್ದ ಜಾಗ, ‘ಕಾಫ್-ಇನ್’ ಅಂತ ಹೆಸರು. ಆಗ ಬೇಸ್ ನುಡಿಸಿ ಹಾಡುತ್ತಿದ್ದವರು ಜೆಫ್ ಜೋನ್ಸ್. ಎರಡನೇ ಕಾರ್ಯಕ್ರಮಕ್ಕೆ ಅವರು ಬರಲಿಲ್ಲ. ಲೈಫ್‌ಸನ್ ತನ್ನ ಶಾಲೆಯ ಗೆಳೆಯ ಗೆಡ್ಡಿಯನ್ನು ಕರೆದರು. ಅಲ್ಲಿಂದ ಶುರು. ಮುಂದಿನ ಮೂರು ವರ್ಷ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಹೈಸ್ಕೂಲ್ ಸಭಾಂಗಣ, ಡ್ರಾಪ್-ಇನ್ ಕೇಂದ್ರ, ಅಷ್ಟೇ. ಅವರಿಗೇ ಕುಡಿಯುವ ವಯಸ್ಸಾಗಿರಲಿಲ್ಲ. ಬಾರ್‌ನವರು ಹೇಗೆ ಒಳಗೆ ಬಿಡುತ್ತಾರೆ?

1971ರಲ್ಲಿ ಒಂಟಾರಿಯೊ ಸರ್ಕಾರ ಮದ್ಯದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಬ್ಯಾಂಡಿನ ದಿಕ್ಕು ಬದಲಿಸಿದ್ದು ಅದು. ಗ್ಯಾಸ್‌ವರ್ಕ್ಸ್, ಆ್ಯಬಿ ರೋಡ್ ಪಬ್ ತರಹದ ಕಡೆ ವಾರಕ್ಕೆ ಐದಾರು ರಾತ್ರಿ, ಒಂದು ರಾತ್ರಿಗೆ ಹಲವು ಸೆಟ್. ಅಷ್ಟು ನುಡಿಸಿದ ಮೇಲೆ ಕೈ ಕುದುರದೆ ಇರುತ್ತಾ? ಪಿಯರ್ಟ್ ಬಂದಾಗ ಗೆಡ್ಡಿ ಮತ್ತು ಲೈಫ್‌ಸನ್ ಆಗಲೇ ನುರಿತವರು. ಆ ನುರಿತ ಕೈ ರಟ್ಸಿ ಜೊತೆ ನುಡಿಸಿ ಬಂದದ್ದು.

ಮಿಸಿಸಾಗ ಕನ್ನಡಿಗ
ವಿನೈಲ್ ಪೆಟ್ಟಿಗೆ ಅವರೇ, ಸ್ವಲ್ಪ ಸೇರಿಸುತ್ತೇನೆ. ಅದು ನೇರ ದಾರಿ ಆಗಿರಲಿಲ್ಲ. 1969ರಲ್ಲಿ ಕೆಲವು ತಿಂಗಳು ಗೆಡ್ಡಿಯನ್ನೇ ಬ್ಯಾಂಡಿನಿಂದ ಹೊರಗೆ ಹಾಕಿದ್ದರು! ಬ್ಯಾಂಡಿನ ಹೆಸರನ್ನು ಹೇಡ್ರಿಯನ್ ಅಂತ ಬದಲಿಸಿಕೊಂಡು ಬೇರೆ ಬೇಸ್ ವಾದಕನನ್ನು ತಂದರು. ಗೆಡ್ಡಿ ತನ್ನದೇ ಬ್ಲೂಸ್ ಬ್ಯಾಂಡ್ ಕಟ್ಟಿಕೊಂಡರು. ಹೇಡ್ರಿಯನ್ ಮುರಿದುಬಿತ್ತು. ಅದೇ ವರ್ಷ ಮತ್ತೆ ಮೂವರೂ ಒಂದಾದರು. 1971ರಲ್ಲಿ ಸ್ವಲ್ಪ ದಿನ ಎರಡನೇ ಗಿಟಾರ್ ವಾದಕ ಕೂಡ ಇದ್ದರು. ಮೂವರೇ ಸಾಕು ಅನ್ನುವ ತೀರ್ಮಾನಕ್ಕೆ ಬರಲು ಅವರಿಗೆ ಸಮಯ ಹಿಡಿಯಿತು.

ನಾನು ಇಲ್ಲಿಗೆ ಬಂದ ಮೇಲೆ ಗ್ಯಾಸ್‌ವರ್ಕ್ಸ್ ಇದ್ದ ಯಂಗ್ ಸ್ಟ್ರೀಟ್ ಕಡೆ ಸುಮ್ನೆ ನಡೆದುಕೊಂಡು ಹೋಗಿದ್ದೆ. ಬಾರ್ ಯಾವಾಗಲೋ ಮುಚ್ಚಿದೆ.

ಮಂಡ್ಯ ಮೆಟಲ್
ಜೆಫ್ ಜೋನ್ಸ್ ಆಮೇಲೆ ಏನಾದರು?

ಮಿಸಿಸಾಗ ಕನ್ನಡಿಗ
ಓಷನ್ ಅನ್ನುವ ಬ್ಯಾಂಡ್ ಸೇರಿದರು. 1971ರಲ್ಲಿ ಅವರದೊಂದು ಭಕ್ತಿಗೀತೆಯಂಥ ಹಾಡು ಅಮೆರಿಕದಲ್ಲಿ ದೊಡ್ಡ ಹಿಟ್. ರಶ್ ಹೈಸ್ಕೂಲ್‌ಗಳಲ್ಲಿ ನುಡಿಸುತ್ತಿದ್ದಾಗ ಅವರ ಹಳೆಯ ಬೇಸ್ ವಾದಕ ರೇಡಿಯೋದಲ್ಲಿದ್ದರು. ಆಮೇಲೆ ರೆಡ್ ರೈಡರ್ ಬ್ಯಾಂಡಿನಲ್ಲೂ ಇದ್ದರು.

ತನಿ ಆವರ್ತನ
ನಾನು ಮೃದಂಗ ಕಲಿತವಳು. ಡ್ರಮ್ಸ್ ಕೇಳುವುದು ಆ ಕಿವಿಯಿಂದಲೇ. ಡಬಲ್ ಬೇಸ್ ಅವರ ಮಾತಿಗೆ ನನ್ನ ತಕರಾರು ಇದೆ.

ಮೊದಲ ಆಲ್ಬಮ್‌ನ ‘ವರ್ಕಿಂಗ್ ಮ್ಯಾನ್’ ಹಾಡನ್ನು ಡ್ರಮ್ಸ್‌ಗಾಗಿಯೇ ಒಮ್ಮೆ ಕೇಳಿ. ಗಿಟಾರ್ ಮತ್ತು ಬೇಸ್ ಒಂದೇ ಸೊಲ್ಲನ್ನು ಒಟ್ಟಿಗೆ, ಭಾರವಾಗಿ ಹೇಳುತ್ತಾ ಹೋಗುತ್ತವೆ. ಅಲ್ಲಿ ರಟ್ಸಿ ಏನೂ ತುಂಬಲು ಹೋಗುವುದಿಲ್ಲ. ಎರಡು, ನಾಲ್ಕಕ್ಕೆ ಸ್ನೇರ್ ಪೆಟ್ಟು, ಅಷ್ಟೇ. ಅದಕ್ಕೇ ಆ ಹಾಡಿಗೆ ಕೆಲಸಕ್ಕೆ ಹೋಗಿ ದಣಿದು ಬಂದವನ ನಡಿಗೆ ಇದೆ. ನಡುವೆ ವೇಗ ಏರಿದಾಗಲೂ ಕಾಲಪ್ರಮಾಣ ಅಲುಗುವುದಿಲ್ಲ. ಲೈಫ್‌ಸನ್ ಅಷ್ಟು ಸಲೀಸಾಗಿ ಸೋಲೋ ನುಡಿಸಲು ಕಾರಣ ಕೆಳಗೆ ನೆಲ ಗಟ್ಟಿಯಾಗಿ ಇದ್ದದ್ದು.

ಪಿಯರ್ಟ್ ಶೈಲಿ ಬೇರೆ. ಅವರು ಬಾರಿಸಿದ ‘ಆ್ಯಂಥಮ್’ ಹಾಡು ಶುರುವಾಗುವುದೇ ಏಳರ ಎಣಿಕೆಯಲ್ಲಿ. ಅಲ್ಲಿ ಡ್ರಮ್ಸ್ ತಾನೇ ಒಂದು ರಾಗ ಹಾಡಿದ ಹಾಗೆ ಇರುತ್ತದೆ. ನನಗೆ ಪಿಯರ್ಟ್ ಅಂದರೆ ಪ್ರಾಣ. ಆದರೆ ಎಲ್ಲಾ ಕಡೆ ತುಂಬಿ ನುಡಿಸುವವರು ಮಾತ್ರ ದೊಡ್ಡವರು ಅನ್ನುವುದು ತಪ್ಪು. ಕೀರ್ತನೆಗೆ ನುಡಿಸುವುದು, ತನಿ ನುಡಿಸುವುದು ಎರಡೂ ವಿದ್ಯೆಯೇ.

ಡಬಲ್ ಬೇಸ್
ಚೆನ್ನಾಗಿ ಹೇಳಿದಿರಿ ಮೇಡಂ. ಆದರೆ ನಾನು ಕೇಳುತ್ತಿರುವುದು ಬೇರೆ. ಹಾಗೆ ನೆಲ ಗಟ್ಟಿ ಹಿಡಿಯುವ ಡ್ರಮ್ಮರ್‌ಗಳು ಆಗ ಬೇಕಾದಷ್ಟು ಜನ ಇದ್ದರು. ರಶ್ ಅನ್ನು ರಶ್ ಮಾಡಿದ್ದು ಏನು? ರಟ್ಸಿಗೆ ನೇರ, ಸರಳ ರಾಕ್ ಬೇಕಿತ್ತು. ಗೆಡ್ಡಿ, ಲೈಫ್‌ಸನ್ ಇಬ್ಬರಿಗೂ ಯೆಸ್, ಜೆನೆಸಿಸ್ ಬ್ಯಾಂಡುಗಳ ತರಹ ಉದ್ದದ, ಜಟಿಲ ಹಾಡುಗಳ ದಾರಿ ಬೇಕಿತ್ತು. ಆ ಬಿರುಕು ಮೊದಲೇ ಇತ್ತು.

ಕೊಪ್ಪದ ಹುಡುಗ
ಬಿರುಕು ಇತ್ತು, ನಿಜ. ಆದರೆ ಅದೊಂದೇ ಕಾರಣ ಅಲ್ಲ. ರಟ್ಸಿಗೆ ಮಧುಮೇಹ ಇತ್ತು. ಸೂಜಿ, ಪಥ್ಯ, ಸರಿಯಾದ ಹೊತ್ತಿಗೆ ಊಟ, ನಿದ್ದೆ ಎಲ್ಲಾ ಬೇಕಾದ ಕಾಯಿಲೆ. ಅಮೆರಿಕ ಪ್ರವಾಸ ಅಂದರೆ ರಾತ್ರಿಯಿಡೀ ವ್ಯಾನ್‌ನಲ್ಲಿ, ಸಿಕ್ಕಿದ್ದನ್ನು ತಿಂದುಕೊಂಡು. ಅಂಥ ಬದುಕು ಆ ದೇಹಕ್ಕೆ ಆಗುತ್ತಿರಲಿಲ್ಲ. 1974ರ ಜುಲೈನಲ್ಲಿ ಬಿಟ್ಟರು, ಪ್ರವಾಸಕ್ಕೆ ಕೆಲವೇ ವಾರ ಇದ್ದಾಗ. 2008ರಲ್ಲಿ ತೀರಿಕೊಂಡರು.

ಅವರು ವೇದಿಕೆ ಮೇಲೆ ಸುಮ್ಮನೆ ಕೂತು ಬಾರಿಸುತ್ತಿದ್ದವರಲ್ಲ. ಹಾಡುಗಳ ನಡುವೆ ಜನರ ಜೊತೆ ಮಾತಾಡುತ್ತಿದ್ದದ್ದು ಅವರೇ. ಸೇಂಟ್ ಕ್ಯಾಥರಿನ್ಸ್‌ನ ಲಾರಾ ಸೀಕಾರ್ಡ್ ಹೈಸ್ಕೂಲ್‌ನಲ್ಲಿ 1974ರಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮದ ವಿಡಿಯೋ ಸಿಗುತ್ತದೆ, ನೋಡಿ. ರಟ್ಸಿ ಬಾರಿಸುವುದನ್ನು ಕಣ್ಣಾರೆ ನೋಡಲು ಇರುವ ಅಪರೂಪದ ದಾಖಲೆ ಅದು.

ಹಾಸನ ಹೆಡ್‌ಬ್ಯಾಂಗರ್
ಆ ಸೇಂಟ್ ಕ್ಯಾಥರಿನ್ಸ್ ಪಿಯರ್ಟ್ ಬೆಳೆದ ಊರು ಅಲ್ವಾ?

ಕೊಪ್ಪದ ಹುಡುಗ
ಹೌದು.

ವಿನೈಲ್ ಪೆಟ್ಟಿಗೆ
ಸಾಹಿತ್ಯದ ವಿಷಯ ಬಂತಲ್ಲ, ಅದಕ್ಕೂ ಒಂದು ಮಾತು. 1973ರಲ್ಲಿ ಅವರ ಮೊದಲ ಸಿಂಗಲ್ ಬಂತು. ಒಂದು ಕಡೆ ಬಡ್ಡಿ ಹಾಲಿಯ ‘ನಾಟ್ ಫೇಡ್ ಅವೇ’, ಇನ್ನೊಂದು ಕಡೆ ಸ್ವಂತ ಹಾಡು ‘ಯೂ ಕಾಂಟ್ ಫೈಟ್ ಇಟ್’. ಈ ಎರಡನೆಯದನ್ನು ಬರೆದವರು ಅಂತ ಇರುವ ಹೆಸರು ಗೆಡ್ಡಿ ಮತ್ತು ರಟ್ಸಿ. ಅಂದರೆ ರಟ್ಸಿ ಬರೀ ಬಾರಿಸುವವರಲ್ಲ, ಬರೆಯುತ್ತಲೂ ಇದ್ದರು.

ಯಾವ ಕಂಪನಿಯೂ ಮುಟ್ಟಲಿಲ್ಲ ಅಂತ ಮ್ಯಾನೇಜರ್ ರೇ ಡೇನಿಯಲ್ಸ್ ಕಡೆಯವರೇ ಮೂನ್ ರೆಕಾರ್ಡ್ಸ್ ಅನ್ನುವ ಲೇಬಲ್ ಮಾಡಿಕೊಂಡರು. ಡೇನಿಯಲ್ಸ್ ಕೂಡ ಆಗ ಚಿಕ್ಕ ಹುಡುಗನೇ. ಮೊದಲ ಆಲ್ಬಮ್ ಶುರು ಮಾಡಿದ್ದು ಈಸ್ಟರ್ನ್ ಸೌಂಡ್ ಸ್ಟುಡಿಯೋದಲ್ಲಿ, ಅದೂ ತಡರಾತ್ರಿ. ಯಾಕೆಂದರೆ ಆ ಹೊತ್ತಿಗೆ ಬಾಡಿಗೆ ಕಡಿಮೆ. ಬಾರ್‌ನಲ್ಲಿ ನುಡಿಸಿ ಮುಗಿಸಿ ನೇರ ಸ್ಟುಡಿಯೋಗೆ. ಬಂದ ಧ್ವನಿ ಅವರಿಗೆ ಇಷ್ಟ ಆಗಲಿಲ್ಲ. ಆಗ ಟೆರಿ ಬ್ರೌನ್ ಬಂದರು. ಟೊರಾಂಟೊ ಸೌಂಡ್‌ನಲ್ಲಿ ಕೆಲವನ್ನು ಹೊಸದಾಗಿ ರೆಕಾರ್ಡ್ ಮಾಡಿ, ಇಡೀ ಆಲ್ಬಮ್ ಮಿಕ್ಸ್ ಮಾಡಿ ಉಳಿಸಿಕೊಟ್ಟರು. ಅವರು 1982ರವರೆಗೆ ಬ್ಯಾಂಡಿನ ಜೊತೆಗೇ ಇದ್ದರು. ರಟ್ಸಿ ಜೊತೆ ಟೆರಿ ಬ್ರೌನ್ ಹೆಸರನ್ನೂ ಹೇಳಲೇಬೇಕು.

ಮಂಡ್ಯ ಮೆಟಲ್
ಮೂನ್ ಪ್ರತಿ ಇದ್ದವರು ಯಾರಾದರೂ ಇದ್ದೀರಾ? ಮೊದಲು ಒತ್ತಿಸಿದ್ದು ಸುಮಾರು 3,500 ಪ್ರತಿ ಮಾತ್ರ. ಅದರ ಹೊದಿಕೆ ಮೇಲೆ ಬ್ಯಾಂಡಿನ ಹೆಸರು ಕೆಂಪು ಬಣ್ಣದಲ್ಲಿದೆ. ಆಮೇಲೆ ಬಂದದ್ದರಲ್ಲಿ ಗುಲಾಬಿ ಆಗಿಹೋಯಿತು.

ವಿನೈಲ್ ಪೆಟ್ಟಿಗೆ
ನನ್ನ ಹತ್ತಿರ ಇರುವುದು ಆಮೇಲೆ ಅಮೆರಿಕದ ಮರ್ಕ್ಯುರಿ ಕಂಪನಿ ತಂದ ಪ್ರತಿ, ಗುಲಾಬಿ. ಕೆಂಪು ಪ್ರತಿಯ ಬೆಲೆ ಕೇಳಿದರೆ ಕೊಳ್ಳುವ ಆಸೆಯೇ ಹೋಗುತ್ತದೆ. ಮೂನ್ ಲೇಬಲ್‌ನ ನಕಲಿಗಳೂ ಓಡಾಡುತ್ತಿವೆ, ಹುಷಾರು.

ಕ್ಲೀವ್‌ಲ್ಯಾಂಡ್ ಕೇಳುಗ
ನಾನು ಓಹಾಯೋದಲ್ಲಿ ಇರುವುದು. ನಮ್ಮೂರಿನ ಪಾಲು ಹೇಳದೆ ಈ ಚರ್ಚೆ ಮುಗಿಯಬಾರದು.

1974ರಲ್ಲಿ ಡಬ್ಲ್ಯುಎಂಎಂಎಸ್ ಅನ್ನುವ ಕ್ಲೀವ್‌ಲ್ಯಾಂಡ್ ರೇಡಿಯೋದಲ್ಲಿ ಡೋನಾ ಹಾಲ್ಪರ್ ಸಂಗೀತ ನಿರ್ದೇಶಕಿ. ಯಾವ ಹೊಸ ರೆಕಾರ್ಡ್ ಹಾಕಬೇಕು ಅಂತ ಆರಿಸುವ ಕೆಲಸ. ಕೆನಡಾದ ರೆಕಾರ್ಡ್ ಕಂಪನಿಯೊಂದರಲ್ಲಿದ್ದ ಪರಿಚಿತರು ಅವರಿಗೆ ಈ ಆಲ್ಬಮ್ ಕಳಿಸಿದರು. ಅವರ ಸ್ವಂತ ಕಂಪನಿಗೆ ಅದು ಬೇಡವಾಗಿತ್ತು. ಡೋನಾ ಮೊದಲು ಹುಡುಕಿದ್ದು ಉದ್ದದ ಹಾಡನ್ನು. ಉದ್ದದ ಹಾಡು ಇದ್ದರೆ ಡಿಜೆ ಎದ್ದು ಶೌಚಾಲಯಕ್ಕೆ ಹೋಗಿ ಬರಬಹುದು. ಅವರೇ ಎಷ್ಟೋ ಸಂದರ್ಶನಗಳಲ್ಲಿ ಇದನ್ನು ಹೇಳಿದ್ದಾರೆ. ಏಳು ನಿಮಿಷದ ‘ವರ್ಕಿಂಗ್ ಮ್ಯಾನ್’ ಸಿಕ್ಕಿತು. ಕೇಳಿದ ಕೂಡಲೇ ಇದು ಕ್ಲೀವ್‌ಲ್ಯಾಂಡ್‌ಗೆ ಹೇಳಿ ಮಾಡಿಸಿದ ಹಾಡು ಅಂತ ಅವರಿಗೆ ಅನ್ನಿಸಿತು.

ಯಾಕೆ ಅಂದರೆ ಇದು ಆಗ ಉಕ್ಕಿನ ಕಾರ್ಖಾನೆ, ಕಾರಿನ ಕಾರ್ಖಾನೆಗಳ ಊರು. ಬೆಳಗ್ಗೆ ಏಳುವುದು, ಒಂಬತ್ತಕ್ಕೆ ಕೆಲಸ, ಬದುಕಲು ಹೊತ್ತೇ ಸಿಗದೆ ಇರುವುದು, ಇದೇ ಹಾಡಿನ ವಿಷಯ. ರೇಡಿಯೋದಲ್ಲಿ ಹಾಕಿದ ಮೇಲೆ ಫೋನ್ ನಿಲ್ಲಲಿಲ್ಲ. ಇದು ಜೆಪ್ಪೆಲಿನ್‌ನ ಹೊಸ ಹಾಡಾ ಅಂತ ಕೇಳಿದರಂತೆ. ಅಂಗಡಿಗಳಲ್ಲಿ ರೆಕಾರ್ಡ್ ಇಲ್ಲ. ಗಡಿಯಾಚೆಯಿಂದ ಪೆಟ್ಟಿಗೆಗಟ್ಟಲೆ ತರಿಸಿದರು. ಆ ಸುದ್ದಿ ಮರ್ಕ್ಯುರಿ ಕಂಪನಿಯ ಕ್ಲಿಫ್ ಬರ್ನ್‌ಸ್ಟೀನ್‌ಗೆ ಮುಟ್ಟಿತು, ಒಪ್ಪಂದ ಆಯಿತು. ಮರ್ಕ್ಯುರಿ ಪ್ರತಿಯ ಹೊದಿಕೆ ಮೇಲೆ ಡೋನಾಗೆ ಹೆಸರು ಹೇಳಿ ಧನ್ಯವಾದ ಹೇಳಿದ್ದಾರೆ.

ಡಬಲ್ ಬೇಸ್
ಅಂದರೆ ಅದೃಷ್ಟ ಅಂತಾಯಿತಲ್ಲ. ಡಿಜೆಗೆ ಉದ್ದದ ಹಾಡು ಬೇಕಿತ್ತು, ಸಿಕ್ಕಿತು.

ಕ್ಲೀವ್‌ಲ್ಯಾಂಡ್ ಕೇಳುಗ
ಇಲ್ಲ ಸರ್, ಖಂಡಿತ ಇಲ್ಲ. ಅವರ ಮೇಜಿನ ಮೇಲೆ ಉದ್ದದ ಹಾಡುಗಳಿಗೆ ಬರ ಇರಲಿಲ್ಲ. ಫೋನ್ ಮಾಡಿದವರಿಗೆ ಡೋನಾ ಯಾರು, ರಶ್ ಯಾರು ಅಂತ ಗೊತ್ತಿರಲಿಲ್ಲ. ಹಾಡು ಹಿಡಿಸಿತು, ಅದಕ್ಕೆ ಫೋನ್ ಮಾಡಿದರು. ಲೈಫ್‌ಸನ್ ತನ್ನ ಅಪ್ಪನ ಜೊತೆ ಪ್ಲಂಬಿಂಗ್ ಕೆಲಸಕ್ಕೆ ಹೋಗುತ್ತಿದ್ದ ಹುಡುಗ. ಬಾರ್‌ನಲ್ಲಿ ಅವರ ಎದುರು ಕೂರುತ್ತಿದ್ದವರೂ ದುಡಿಯುವ ಜನವೇ. ಅವರಿಗಾಗಿ ವರ್ಷಗಟ್ಟಲೆ ನುಡಿಸಿದವರ ಹಾಡು ಇನ್ನೊಂದು ದುಡಿಯುವ ಊರಿಗೆ ತಾಗಿತು. ಇದನ್ನು ಬರೀ ಅದೃಷ್ಟ ಅನ್ನಬೇಡಿ.

ಸಿರ್ಸಿ ಸ್ವರ
ಲೈಫ್‌ಸನ್ ಮನೆತನ ಸರ್ಬಿಯಾದಿಂದ ಬಂದವರು. ಗೆಡ್ಡಿಯ ಅಪ್ಪ ಅಮ್ಮ ಪೋಲೆಂಡಿನ ಯಹೂದಿಗಳು, ನಾಜಿ ಶಿಬಿರಗಳಿಂದ ಬದುಕಿ ಬಂದವರು. ಅಪ್ಪ ಗೆಡ್ಡಿ ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಮ್ಮ ಅಂಗಡಿ ನಡೆಸಿ ಸಾಕಿದರು. ವಲಸೆ ಬಂದವರ ಮಕ್ಕಳು ಶಾಲೆ ಬಿಟ್ಟು ರಾಕ್ ನುಡಿಸುತ್ತೇವೆ ಅಂದರೆ ಮನೆಯಲ್ಲಿ ಏನಾಗಿರಬೇಡ! ಆಗಿನ ಒಂದು ಕೆನಡಾ ಸಾಕ್ಷ್ಯಚಿತ್ರದಲ್ಲಿ ಹದಿಹರೆಯದ ಲೈಫ್‌ಸನ್ ಇದ್ದಾರೆ. ಅಪ್ಪ ಅಮ್ಮನ ಎದುರು ಕೂತು ಶಾಲೆ ಮುಗಿಸುವುದಿಲ್ಲ ಅಂತ ವಾದ ಮಾಡುತ್ತಾರೆ. ಅದನ್ನು ನೋಡಿದಾಗ ನನಗೆ ಅಪ್ಪ ಅಮ್ಮನ ಮೇಲೂ ಕನಿಕರ ಬಂತು, ಹುಡುಗನ ಮೇಲೂ ಬಂತು.

ರಾಯಚೂರು ರಿಫ್
ಒಂದು ಪ್ರಶ್ನೆ. ಕೆನಡಾದಲ್ಲಿ ರೇಡಿಯೋದವರು ಇಂತಿಷ್ಟು ಸ್ಥಳೀಯ ಹಾಡು ಹಾಕಲೇಬೇಕು ಅನ್ನುವ ಕಾನೂನು ಇದೆಯಲ್ಲ? ಅದರಿಂದ ರಶ್‌ಗೆ ಲಾಭ ಆಗಲಿಲ್ಲವಾ? ನಮ್ಮಲ್ಲೂ ಅಂಥದ್ದು ಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಬೆಂಗಳೂರಿನ ಎಫ್‌ಎಂನಲ್ಲಿ ಕನ್ನಡದ ಸ್ವತಂತ್ರ ಬ್ಯಾಂಡುಗಳಿಗೆ ಎಷ್ಟು ಜಾಗ ಸಿಗುತ್ತದೆ ಹೇಳಿ.

ಮಿಸಿಸಾಗ ಕನ್ನಡಿಗ
1971ರಲ್ಲಿ ಬಂದ ನಿಯಮ. ಎಎಂ ಕೇಂದ್ರಗಳು ನೂರಕ್ಕೆ 30 ಹಾಡು ಕೆನಡಾದ್ದೇ ಹಾಕಬೇಕು ಅಂತ. ಆದರೆ ಮೂರು ನಿಮಿಷದ ಮೆಲುದನಿಯ ಹಾಡುಗಳಿಗೆ ಅದರಿಂದ ಜಾಸ್ತಿ ಸಹಾಯ ಆಯಿತು. ರಶ್ ತರಹದ ಗಡುಸು ಬ್ಯಾಂಡನ್ನು ಟೊರಾಂಟೊ ರೇಡಿಯೋ ಹತ್ತಿರ ಸೇರಿಸಲಿಲ್ಲ. ಮನೆಯ ಬಾಗಿಲು ತೆರೆಯುವ ಮೊದಲು ಕ್ಲೀವ್‌ಲ್ಯಾಂಡ್ ತೆರೆಯಿತು. ಹಾಗಾಗಿ ಕಾನೂನು ಒಂದೇ ಸಾಕಾಗುವುದಿಲ್ಲ, ಆರಿಸುವವರ ಕಿವಿ ಕೂಡ ಬೇಕು.

ರಾಯಚೂರು ರಿಫ್
ಆದರೂ ಕಾನೂನು ಇದ್ದರೆ ಹತ್ತರಲ್ಲಿ ಒಬ್ಬರಾದರೂ ಒಳಗೆ ಬರುತ್ತಾರೆ. ಇಲ್ಲದಿದ್ದರೆ ಒಬ್ಬರೂ ಬರುವುದಿಲ್ಲ.

ಹಳೇ ಕ್ಯಾಸೆಟ್
ಬಿಟಿಓ, ಅಂದರೆ ಬಾಕ್ಮನ್-ಟರ್ನರ್ ಓವರ್‌ಡ್ರೈವ್ ಬ್ಯಾಂಡ್ ಕೂಡ ಆಗ ಮರ್ಕ್ಯುರಿಯಲ್ಲೇ ಇತ್ತು. ವಿನ್ನಿಪೆಗ್‌ನವರು. ಕೆನಡಾದ ಗಡುಸು ರಾಕ್ ಅಮೆರಿಕದಲ್ಲಿ ಮಾರುತ್ತದೆ ಅಂತ ಆ ಕಂಪನಿಗೆ ಮೊದಲೇ ಗೊತ್ತಿತ್ತು. ರಶ್‌ಗೆ ಬೇಗ ಬಾಗಿಲು ತೆರೆಯಲು ಅದೂ ಒಂದು ಕಾರಣ ಅಂತ ನನ್ನ ಲೆಕ್ಕ.

ತನಿ ಆವರ್ತನ
ಪಿಯರ್ಟ್ ಆಯ್ಕೆಯ ದಿನದ ಕಥೆ ಯಾರೂ ಹೇಳಲಿಲ್ಲ! ಅಪ್ಪನ ಕೃಷಿ ಯಂತ್ರದ ಅಂಗಡಿಯಲ್ಲಿ ಬಿಡಿಭಾಗ ಮಾರುತ್ತಿದ್ದವರು. ಅದಕ್ಕೆ ಮೊದಲು ಲಂಡನ್‌ಗೆ ಹೋಗಿ, ಅಲ್ಲಿ ಏನೂ ಗಿಟ್ಟದೆ ವಾಪಸ್ ಬಂದಿದ್ದರು. ಡ್ರಮ್ಸ್ ಅನ್ನು ಕಸದ ಚೀಲಗಳಲ್ಲಿ ತುಂಬಿ, ಚಿಕ್ಕ ಕಾರಿನಲ್ಲಿ ಹಾಕಿಕೊಂಡು ಬಂದರು. ಗೆಡ್ಡಿಗೆ ಕೂಡಲೇ ಹಿಡಿಸಿತು. ಲೈಫ್‌ಸನ್‌ಗೆ ಅನುಮಾನ ಇತ್ತು. ಕೂದಲು ಬೇರೆ ಗಿಡ್ಡ, ರಾಕ್‌ನವರ ತರಹ ಕಾಣಲಿಲ್ಲ ಅಂತ.

ಸೇರಿ ಎರಡು ವಾರಕ್ಕೆ, ಆಗಸ್ಟ್ 14ಕ್ಕೆ, ಪಿಟ್ಸ್‌ಬರ್ಗ್‌ನಲ್ಲಿ ಯುರಾಯ ಹೀಪ್ ಮತ್ತು ಮ್ಯಾನ್‌ಫ್ರೆಡ್ ಮ್ಯಾನ್ ಬ್ಯಾಂಡುಗಳಿಗೆ ಮೊದಲು ನುಡಿಸಿದರು. 11,000ಕ್ಕೂ ಜಾಸ್ತಿ ಜನ. ಎರಡು ವಾರದಲ್ಲಿ ಇನ್ನೊಬ್ಬರ ಹಾಡುಗಳನ್ನು ಕಲಿತು ಅಷ್ಟು ಜನರ ಎದುರು ಕೂರುವುದು ಸಾಮಾನ್ಯ ಮಾತಲ್ಲ. ಅವತ್ತು ನುಡಿಸಿದ್ದು ರಟ್ಸಿ ಕಾಲದ ಹಾಡುಗಳನ್ನೇ.

ಡಬಲ್ ಬೇಸ್
ಅದಕ್ಕೇ ನಾನು ಹೇಳುತ್ತಿರುವುದು. 1975ರ ಫೆಬ್ರವರಿಗೇ ‘ಫ್ಲೈ ಬೈ ನೈಟ್’ ಆಲ್ಬಮ್ ಬಂತು. ಒಂದು ವರ್ಷದ ಒಳಗೆ ಬ್ಯಾಂಡ್ ಗುರುತೇ ಸಿಗದಷ್ಟು ಬದಲಾಯಿತು. ಆ ವರ್ಷ ಕೆನಡಾದ ಜೂನೋ ಸಂಗೀತ ಪ್ರಶಸ್ತಿಯಲ್ಲಿ ಭರವಸೆಯ ಹೊಸ ತಂಡ ಅಂತ ಗೆದ್ದರು.

ಹಾಸನ ಹೆಡ್‌ಬ್ಯಾಂಗರ್
ಅದೇ ವರ್ಷ ‘ಕರೆಸ್ ಆಫ್ ಸ್ಟೀಲ್’ ಕೂಡ ಬಂತು, ಬಿದ್ದೂ ಹೋಯಿತು. ಅದನ್ನು ಬಿಟ್ಟು ಮಾತಾಡಬೇಡಿ. ರೆಕಾರ್ಡಿನ ಒಂದು ಇಡೀ ಬದಿಗೆ ಒಂದೇ ಹಾಡು. ಜನ ಬರಲಿಲ್ಲ. ಚಿಕ್ಕ ಚಿಕ್ಕ ಊರುಗಳಲ್ಲಿ ನುಡಿಸಿದರು. ಆ ಪ್ರವಾಸಕ್ಕೆ ‘ಡೌನ್ ದ ಟ್ಯೂಬ್ಸ್’ ಅಂತ ಅವರೇ ಹೆಸರಿಟ್ಟಿದ್ದರು. ಸಣ್ಣ ಹಾಡು ಮಾಡಿ, ಮೊದಲ ಆಲ್ಬಮ್ ತರಹ ಮಾಡಿ ಅಂತ ಕಂಪನಿ ಒತ್ತಡ.

ಅವರು ಮಾಡಿದ್ದು ಏನು? ‘2112’. ಮತ್ತೆ ಒಂದು ಇಡೀ ಬದಿ, 20 ನಿಮಿಷ, ಒಂದೇ ಕಥೆ. ಹೋದರೆ ನಮ್ಮ ದಾರಿಯಲ್ಲೇ ಹೋಗೋಣ ಅಂತ ತೀರ್ಮಾನಿಸಿದರು. 1976ರಲ್ಲಿ ಬಂತು, ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ 61ಕ್ಕೆ ಏರಿತು. ಆಮೇಲೆ ಅವರ ಹಾಡು ಎಷ್ಟು ಉದ್ದ ಇರಬೇಕು ಅಂತ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನನಗೆ ರಶ್ ಅಂದರೆ ಈ ಹಟ.

ಸಿರ್ಸಿ ಸ್ವರ
‘2112’ ಸಂಗೀತ ಅದ್ಭುತ. ಆದರೆ ಬಂಡವಾಳಶಾಹಿಯ ಪರ ಬರೆದ ಲೇಖಕಿ ಐನ್ ರ‍್ಯಾಂಡ್‌ಗೆ ಋಣ ಒಪ್ಪಿಸಿದ್ದು ನನಗೆ ಇವತ್ತಿಗೂ ಇಷ್ಟ ಆಗುವುದಿಲ್ಲ. ಕಾರ್ಮಿಕನ ಹಾಡಿನಿಂದ ಗೆದ್ದ ಬ್ಯಾಂಡು ಅಲ್ಲಿಗೆ ಯಾಕೆ ಹೋಗಬೇಕಿತ್ತು?

ಹಾಸನ ಹೆಡ್‌ಬ್ಯಾಂಗರ್
ಅದು 23 ವರ್ಷದ ಪಿಯರ್ಟ್ ಓದಿದ ಪುಸ್ತಕ. ಕಥೆಯಲ್ಲಿ ಇರುವುದು ಗಿಟಾರ್ ಸಿಕ್ಕಿದ ಹುಡುಗ, ಅದನ್ನು ಮುರಿಯುವ ಪುರೋಹಿತರು. ಕಂಪನಿಯ ಜೊತೆ ಅವರು ಪಡುತ್ತಿದ್ದ ಪಾಡೇ ಅದು. ಆಮೇಲೆ ಒಂದು ಇಂಗ್ಲಿಷ್ ಸಂಗೀತ ಪತ್ರಿಕೆ ಅವರಿಗೆ ಫ್ಯಾಸಿಸ್ಟ್ ಪಟ್ಟ ಕಟ್ಟಲು ಹೊರಟಿತು. ಗೆಡ್ಡಿಯ ತಾಯಿ ತಂದೆ ಎಲ್ಲಿಂದ ಬದುಕಿ ಬಂದವರು ಅಂತ ಮೇಲೆ ನೀವೇ ಬರೆದಿದ್ದೀರಿ. ಎಷ್ಟು ನೋವಾಗಿರಬೇಕು ಯೋಚಿಸಿ. ಪಿಯರ್ಟ್ ಕೂಡ ಮುಂದೆ ರ‍್ಯಾಂಡ್‌ನಿಂದ ದೂರ ಬಂದರು.

ಸಿರ್ಸಿ ಸ್ವರ
ಆ ಪಟ್ಟ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ರ‍್ಯಾಂಡ್ ಬಗ್ಗೆ ನನ್ನ ತಕರಾರು ಹಾಗೇ ಇದೆ.

ವಿನೈಲ್ ಪೆಟ್ಟಿಗೆ
ಡಬಲ್ ಬೇಸ್ ಅವರಿಗೆ ಒಂದು ಕೊನೆಯ ಸಾಕ್ಷಿ ಕೊಡುತ್ತೇನೆ. 2015ರ ಆಗಸ್ಟ್ 1, ಲಾಸ್ ಏಂಜಲಿಸ್. ಪಿಯರ್ಟ್ ಜೊತೆ ಅವರ ಕಟ್ಟಕಡೆಯ ಕಾರ್ಯಕ್ರಮ. ಆ ಪ್ರವಾಸದಲ್ಲಿ ಹಾಡುಗಳನ್ನು ಹೊಸದರಿಂದ ಹಳೆಯದಕ್ಕೆ ಹಿಂದೆ ಹಿಂದೆ ಹೋಗುವ ಹಾಗೆ ಜೋಡಿಸಿದ್ದರು. ಕೊನೆಗೆ ನುಡಿಸಿದ್ದು ‘ವಾಟ್ ಯೂ ಆರ್ ಡೂಯಿಂಗ್’ ಮತ್ತು ‘ವರ್ಕಿಂಗ್ ಮ್ಯಾನ್’. ಎರಡೂ ರಟ್ಸಿ ಬಾರಿಸಿದ್ದ ಆಲ್ಬಮ್‌ನವು. ಬ್ಯಾಂಡೇ ತನ್ನ ಬೇರು ಅಲ್ಲಿದೆ ಅಂತ ಹೇಳಿದ ಮೇಲೆ ನಾವು ಯಾಕೆ ಹಿಂಜರಿಯಬೇಕು?

ಡಬಲ್ ಬೇಸ್
ಬೇರು ಅಲ್ಲಿದೆ, ಸರಿ. ಹಾಲ್ ಆಫ್ ಫೇಮ್‌ನಲ್ಲಿ ರಟ್ಸಿ ಹೆಸರು ಇರಬೇಕಿತ್ತು ಅನ್ನುವುದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಯಾರಾದರೂ ಹೊಸಬರು ರಶ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಮೊದಲ ಆಲ್ಬಮ್ ಹೇಳುವುದಿಲ್ಲ. ‘2112’ ಹೇಳುತ್ತೇನೆ.

ತನಿ ಆವರ್ತನ
ನಾನು ‘ಆಲ್ ದ ವರ್ಲ್ಡ್ಸ್ ಎ ಸ್ಟೇಜ್’ ಹೇಳುತ್ತೇನೆ. 1976ರ ಜೂನ್‌ನಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಜನರ ಎದುರು ರೆಕಾರ್ಡ್ ಮಾಡಿದ್ದು. ಮೊದಲ ಆಲ್ಬಮ್‌ನ ಹಾಡುಗಳೂ ಇವೆ, ‘2112’ ಕೂಡ ಇದೆ. ರಟ್ಸಿ ಬಾರಿಸಿದ್ದನ್ನು ಪಿಯರ್ಟ್ ಹೇಗೆ ತಮ್ಮದು ಮಾಡಿಕೊಂಡರು ಅಂತ ಪಕ್ಕಪಕ್ಕ ಇಟ್ಟು ಕೇಳಬಹುದು.

ರಾಯಚೂರು ರಿಫ್
ಮೇಡಂ, ಅದರಲ್ಲಿ ‘2112’ ಪೂರ್ತಿ ಇದೆಯಾ?

ತನಿ ಆವರ್ತನ
ಪೂರ್ತಿ ಇಲ್ಲ, ನಡುವೆ ಸ್ವಲ್ಪ ಬಿಟ್ಟಿದ್ದಾರೆ. ಮೊದಲು ಸ್ಟುಡಿಯೋದ್ದು ಕೇಳಿ, ಆಮೇಲೆ ಇದು. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಗೆಡ್ಡಿಯ ಬೇಸ್ ಚೆನ್ನಾಗಿ ಸಿಗುತ್ತದೆ.